ನಾನು ಪೂರ್ತಿ ಲಾಜಿಕಲ್, ಮನಸ್ಸಿನ ಮಾತನ್ನೂ ಬ್ಯಾಲೆನ್ಸ್ ಮಾಡೋದು ಹೇಗೆ?

"ನಾನು ಎಡ ಮೆದುಳಿನ ಮನುಷ್ಯ, ಎಲ್ಲದಕ್ಕೂ ಲೆಕ್ಕ ಹಾಕ್ತೀನಿ, ಮನೆಯವರಿಗೂ ಬೇಜಾರು" ಅಂತ ಬರೆದಿದ್ದೀರಿ. ಕೆಲಸ ಬದಲಾಯಿಸೋವರೆಗೂ ನಾನೂ ನನ್ನ ಬಗ್ಗೆ ಹೀಗೇ ಹೇಳ್ಕೊಂಡು ಓಡಾಡ್ತಿದ್ದೆ.

ಹಳೇ ಕೆಲಸ ಚೆನ್ನಾಗೇ ಇತ್ತು. ಹೊಸ ಆಫರ್ ಬಂದಾಗ ಎಂದಿನಂತೆ ಎಕ್ಸೆಲ್ ತೆಗೆದೆ. ಸಂಬಳ, ಕಲಿಯೋಕೆ ಅವಕಾಶ, ಓಡಾಟ, ಮನೆಗೆ ಸಿಗೋ ಟೈಮು, ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ತೂಕ ಅಂತ ಕೊಟ್ಟು, ಎರಡೂ ಕೆಲಸಕ್ಕೆ ಮಾರ್ಕ್ಸ್ ಹಾಕಿ ಕೂಡಿ ನೋಡಿದ್ರೆ ಹಳೇ ಕೆಲಸವೇ ಮುಂದೆ. ಎಡವಿದ್ದು ಅಲ್ಲೇ. ಈ ವಯಸ್ಸಲ್ಲಿ ಕಲಿಯೋದೇ ಮುಖ್ಯ ಅಲ್ವಾ ಅಂದ್ಕೊಂಡು ಕಲಿಕೆಗೆ ಕೊಟ್ಟಿದ್ದ 6ನ್ನ 9 ಮಾಡಿದೆ, ಅಭ್ಯಾಸ ಆಗುತ್ತೆ ಬಿಡು ಅಂತ ಓಡಾಟದ ತೂಕ ಇಳಿಸಿದೆ, ಹೊಸ ಕೆಲಸ ಮುಂದೆ ಬಂದ ತಕ್ಷಣ ಫೈಲ್ ಮುಚ್ಚಿದೆ. ಇದನ್ನ ಸರಿಯಾಗಿ ಗಮನಿಸಿ: ಹಳೇ ಕೆಲಸ ಮುಂದಿದ್ದಾಗ ಮಾತ್ರ ನನಗೆ ತೂಕ ತಪ್ಪು ಅನ್ನಿಸ್ತು, ಹೊಸದು ಮುಂದೆ ಬಂದ ಮೇಲೆ ಒಂದು ಅಂಕೀನೂ ಮತ್ತೆ ತಿದ್ದಲಿಲ್ಲ. ಅಂದ್ರೆ ಆಸೆ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು, ಶೀಟು ಅದಕ್ಕೆ ಸಹಿ ಹಾಕ್ತು ಅಷ್ಟೇ. ನಾನು ಮಾತ್ರ ಲೆಕ್ಕ ಹಾಕಿಯೇ ಹೊರಟೆ ಅಂತ ನಂಬಿದ್ದೆ.

ಇನ್ನೊಂದು ಕಡೆ, ಇಂಟರ್‌ವ್ಯೂ ದಿನ ಮುಂದೆ ನನ್ನ ಬಾಸ್ ಆಗೋರ ಹತ್ರ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡ್ಕೊಂಡು ಏನೋ ವಿವರಿಸೋಕೆ ಬಂದ. ವಾಕ್ಯ ಶುರು ಮಾಡಿದಾಗೆಲ್ಲ ಅವರು ಮಧ್ಯದಲ್ಲೇ ಕತ್ತರಿಸಿದ್ರು, ಕೊನೆಗೆ ಆ ಹುಡುಗ ಸ್ಕ್ರೀನ್ ನೋಡ್ತಾ ಸುಮ್ಮನಾಗಿಬಿಟ್ಟ. ನನಗೆ ಒಳಗೊಳಗೇ ಕಸಿವಿಸಿ. ಆದ್ರೆ ಶೀಟಲ್ಲಿ ಅದಕ್ಕೆ ಕಾಲಂ ಇರ್ಲಿಲ್ಲ, ಇದೆಲ್ಲ ಡೇಟಾ ಅಲ್ಲ ಅಂತ ತಳ್ಳಿಹಾಕಿದೆ. ಸೇರಿದ ಕೆಲವೇ ತಿಂಗಳಲ್ಲಿ ನಾನೂ ಮೀಟಿಂಗಲ್ಲಿ ಬಾಯಿ ಬಿಡೋದು ನಿಲ್ಲಿಸಿದೆ, ವರ್ಷ ತುಂಬೋ ಮೊದಲೇ ಬಿಟ್ಟು ಬಂದೆ, ಅಷ್ಟರಲ್ಲಿ ಹಳೇ ಕಡೆ ನನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ ಅನ್ನಿಸುತ್ತೆ. ಎಡ ಮೆದುಳಿನ ಮನುಷ್ಯ, ಬಲ ಮೆದುಳಿನ ಮನುಷ್ಯ ಅನ್ನೋ ವಿಂಗಡಣೆಯೇ ಇಲ್ಲ. ಅಮೆರಿಕದ ಯೂಟಾ ಯೂನಿವರ್ಸಿಟಿಯವರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದ್ರು, ಒಬ್ಬೊಬ್ಬರಿಗೆ ಒಂದೊಂದು ಕಡೆ ಹೆಚ್ಚು ಜೋರು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ನಿಮ್ಮಲ್ಲಿ ಮನಸ್ಸಿನ ಮಾತಿಗೇನೂ ಕೊರತೆ ಇಲ್ಲ, ಅದು ಲೆಕ್ಕದ ವೇಷ ಹಾಕ್ಕೊಂಡು ಬರ್ತಿದೆ. ಅರ್ಧ ಅರ್ಧ ಬ್ಯಾಲೆನ್ಸ್ ಮಾಡೋಕೆ ಹೋಗ್ಬೇಡಿ, ಎರಡನ್ನೂ ಬೇರೆ ಬೇರೆ ಹೊತ್ತಲ್ಲಿ ಕೂರಿಸಿ ಕೇಳಿ.

ಯಾವಾಗ ಯಾವುದನ್ನ ನಂಬಬೇಕು ಅಂದ್ರೆ, ಒಳಮನಸ್ಸಿನ ಅಂದಾಜನ್ನ ಅನುಮಾನದಿಂದ ನೋಡ್ತಿದ್ದ ಡೇನಿಯಲ್ ಕಾನೆಮನ್, ಅದನ್ನ ಮೆಚ್ಚಿದ್ದ ಗ್ಯಾರಿ ಕ್ಲೈನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಸೇರಿ 2009ರಲ್ಲಿ ಒಂದು ಲೇಖನ ಬರೆದ್ರು. ಪರಿಸ್ಥಿತಿಯಲ್ಲಿ ಒಂದು ಕ್ರಮ ಇರಬೇಕು, ಆ ಕ್ರಮ ಕಲಿಯೋಕೆ ಸಾಕಷ್ಟು ಅವಕಾಶ ಸಿಕ್ಕಿರಬೇಕು, ಆಗ ಮಾತ್ರ ಅಂದಾಜನ್ನ ನಂಬಬಹುದು ಅಂತ. ಕೆಲಸ ಆರಿಸೋದು ಜೀವನದಲ್ಲಿ ಎಲ್ಲೋ ಕೆಲವು ಸಲ, ಅದರಲ್ಲಿ ನನಗೆಲ್ಲಿಂದ ಪಳಗಿದ ಅಂದಾಜು ಬರಬೇಕು? ಎದುರಿಗಿರೋ ಮನುಷ್ಯ ಹೇಗೆ ನಡ್ಕೋತಾನೆ ಅನ್ನೋದನ್ನ ಮಾತ್ರ ಚಿಕ್ಕವರಿದ್ದಾಗಿಂದ ದಿನಾ ನೋಡ್ತಾ ಬಂದಿದ್ದೀವಿ. ನಾನು ಮಾಡಿದ್ದು ಪೂರ್ತಿ ಉಲ್ಟಾ.

ಈಗ ಆಯ್ಕೆಗಳಿಗೆ ಮಾರ್ಕ್ಸ್ ಹಾಕೋ ಮೊದಲೇ ತೂಕ ಬರೆದು ಯಾರಿಗಾದ್ರೂ ಕಳಿಸಿಬಿಡ್ತೀನಿ, ಆಮೇಲೆ ತಿದ್ದೋ ಹಾಗಿಲ್ಲ. ಒಂದೇ ಕೂತಲ್ಲಿ ಮುಗಿಸೋದೂ ಇಲ್ಲ. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕೂಡ, ಹೊಸ ಕೆಲಸ ಒಪ್ಪೋದಾ ಬೇಡವಾ ಅಂತ ಗೊಂದಲದಲ್ಲಿದ್ದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಇಂಥದ್ದೇ ಬರೆದಿದ್ದ: ಪರ ಒಂದು ಕಡೆ, ವಿರೋಧ ಇನ್ನೊಂದು ಕಡೆ, ಮೂರ್ನಾಲ್ಕು ದಿನ ಹೊಳೆದಿದ್ದನ್ನೆಲ್ಲ ಬರೀತಾ ಹೋಗು, ಆಮೇಲೆ ಸಮ ತೂಗೋದನ್ನ ಹೊಡೆದು ಹಾಕು ಅಂತ. ಜನ ಕಾಲಂ ನೆನಪಿಟ್ಕೋತಾರೆ, ಆ ದಿನಗಳನ್ನ ಮರೀತಾರೆ. ದಿನಕ್ಕೊಂದು ಮೂಡಲ್ಲಿ ಬೇರೆ ಬೇರೆ ಕಾರಣ ಹೊರಗೆ ಬರುತ್ತೆ, ಕಸಿವಿಸಿಗೂ ಕಾಲಂ ಸಿಗುತ್ತೆ.

ಮನೆಯವರ ಬೇಜಾರು ಬೇರೆ ವಿಷಯ. ಅವರು ಕಷ್ಟ ಹೇಳ್ಕೊಳ್ಳೋಕೆ ಶುರು ಮಾಡಿದಾಗ, ಏನು ಮಾಡಬಹುದು ಅಂತ ಹೇಳ್ಲಾ, ಸುಮ್ನೆ ಕೇಳಿಸ್ಕೊಳ್ಲಾ ಅಂತ ಮೊದಲೇ ಕೇಳಿಬಿಡಿ. ನಮ್ಮನೇಲಿ ಹೆಚ್ಚಾಗಿ ಸಿಗೋ ಉತ್ತರ ಎರಡನೇದು.