ಪಂತಾನಿಯ 52

ಪ್ರಶ್ನೆ: ಸೈಕ್ಲಿಸ್ಟ್ ಮಾರ್ಕೊ ಪಂತಾನಿ ರಕ್ತದಲ್ಲಿ ಹೆಮಟೋಕ್ರಿಟ್ (ಕೆಂಪು ಕಣಗಳ ಶೇಕಡಾ ಪಾಲು) 52 ಇತ್ತು, ಮಿತಿ 50. ಬರೀ ಎರಡು ಅಂಕಕ್ಕೆ ಅವರ ಬದುಕು ಹಾಳು ಮಾಡಿದ್ದು ಅನ್ಯಾಯ ಅಲ್ವಾ?

ಉತ್ತರ: ಪ್ರತಿ ಫೆಬ್ರುವರಿಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

1998ರಲ್ಲಿ ಜಿರೊ ಡಿ ಇಟಾಲಿಯಾ, ಟೂರ್ ಡಿ ಫ್ರಾನ್ಸ್ ಎಂಬ ಮೂರು ವಾರಗಳ ದೊಡ್ಡ ಸೈಕಲ್ ರೇಸ್ ಎರಡನ್ನೂ ಗೆದ್ದವರು ಪಂತಾನಿ. 1999ರ ಜೂನ್ 5ರ ಬೆಳಿಗ್ಗೆ ಇಟಲಿಯ ಮಡೋನ್ನಾ ಡಿ ಕಾಂಪಿಲ್ಯೊದಲ್ಲಿ ಅವರ ರಕ್ತ ತೆಗೆದರು. ಜಿರೊ ಮುಗಿಯಲು ಎರಡೇ ದಿನ ಬಾಕಿ, ಅವರೇ ಮುಂದಿದ್ದರು.

ಎರಡು ಅಂಕ ಬಿಡಿ, ಅದು ಯಾವಾಗ ಬಂತು ನೋಡಿ. ಮೂರು ವಾರ ಸೈಕಲ್ ತುಳಿದವರ ರಕ್ತದಲ್ಲಿ ನೀರಿನಂಶ ಜಾಸ್ತಿಯಾಗಿ ಹೆಮಟೋಕ್ರಿಟ್ ಸಾಮಾನ್ಯವಾಗಿ ಇಳಿಯುತ್ತದೆ. ಇಳಿಯಬೇಕಾದ ಹೊತ್ತಿನಲ್ಲಿ 52! ನೀರು ಕಡಿಮೆ ಕುಡಿದರೂ ಸ್ವಲ್ಪ ಏರುತ್ತದೆ, ನಿಜ. ಆ ಒಂದು ಅಂಕಿಯಿಂದ ಡೋಪಿಂಗ್ ಸಾಬೀತಾಗುವುದಿಲ್ಲ, ಅದೂ ನಿಜ. ಕೆಂಪು ರಕ್ತಕಣ ಹೆಚ್ಚಿಸುವ ಔಷಧ ಇಪಿಒವನ್ನು ಹಿಡಿಯುವ ಪರೀಕ್ಷೆಯೇ ಆಗ ಇರಲಿಲ್ಲ. ಅದಕ್ಕೇ 1997ರಲ್ಲಿ 50ರ ಗೆರೆ ಎಳೆದರು. ದಾಟಿದವರಿಗೆ 15 ದಿನ ವಿರಾಮ, ಅಷ್ಟೇ. ಆದರೆ 1998ರ ಟೂರ್‌ನ ಮಾದರಿಗಳನ್ನು ಆಮೇಲೆ ಪರೀಕ್ಷಿಸಿದಾಗ ಪಂತಾನಿಯದರಲ್ಲಿ ಇಪಿಒ ಸಿಕ್ಕಿತು. ಫ್ರಾನ್ಸ್‌ನ ಸೆನೆಟ್ 2013ರಲ್ಲಿ ಅದನ್ನು ಪ್ರಕಟಿಸಿತು. ಪಂತಾನಿ ವಿರುದ್ಧ ಪಿತೂರಿ ನಡೆಯಿತು ಎಂದು ಕಥೆ ಹೇಳುವವರು ಇದನ್ನು ಮಾತ್ರ ಹೇಳುವುದಿಲ್ಲ.

ಆ ಗೆರೆ ಸವಾರರ ಜೀವ ಉಳಿಸಲು ಇದ್ದದ್ದು. ಹೆಮಟೋಕ್ರಿಟ್ ಏರಿದರೆ ತಿಳಿಸಾರು ಗಟ್ಟಿ ಹುಳಿಯಾದ ಹಾಗೆ ರಕ್ತ ಮಂದವಾಗುತ್ತದೆ. ಈ ಸವಾರರ ನಾಡಿ ನಿದ್ದೆಯಲ್ಲಿ ತುಂಬಾ ನಿಧಾನ. ಹೆಪ್ಪುಗಟ್ಟಲು ಇನ್ನೇನು ಬೇಕು?

2004ರ ಫೆಬ್ರುವರಿ 14ರಂದು ರಿಮಿನಿಯ ಹೋಟೆಲ್ ಕೋಣೆಯಲ್ಲಿ ಅವರು ಸತ್ತರು. ಕೊಕೇನ್ ಅತಿಯಾಗಿತ್ತು. ವಯಸ್ಸು 34. ಐದು ವರ್ಷ ಅವರು ಒಳಗೊಳಗೇ ಕುಸಿಯುತ್ತಿದ್ದರು. ನಿಷೇಧಕ್ಕೊಳಗಾದ ಹುಡುಗರು ನನ್ನಲ್ಲಿಗೆ ಬಂದರೆ ರಕ್ತದ ರಿಪೋರ್ಟ್ ಆಮೇಲೆ ನೋಡುತ್ತೇನೆ. ನಿದ್ದೆ ಬರುತ್ತಾ, ಒಬ್ಬನೇ ಇರುತ್ತೀಯಾ ಎಂದು ಮೊದಲು ಕೇಳುತ್ತೇನೆ.

ಪ್ರಶ್ನೆ: ಮಗ ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಯುತ್ತಿದ್ದಾನೆ. ಜಿಮ್‌ನವರು ರಕ್ತ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಾರಂತೆ. ಹಾಕಿಸಬಹುದಾ?

ಉತ್ತರ: ಬೇಡವೇ ಬೇಡ. ಜಿಮ್‌ನವರಿಗೆ ಸೂಜಿ ಹಿಡಿಯುವ ಹಕ್ಕು ಕೊಟ್ಟವರು ಯಾರು? ಸುಸ್ತಿದ್ದರೆ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ತೋರಿಸುವ) ಪರೀಕ್ಷೆ ಮಾಡಿಸಿ, ರಿಪೋರ್ಟ್ ಹಿಡಿದು ಡಾಕ್ಟರ ಬಳಿ ಹೋಗಿ. ಅಲ್ಲಿಯವರೆಗೆ ಕಬ್ಬಿಣದ ಮಾತ್ರೆಯನ್ನೂ ಸುಮ್ನೆ ನುಂಗಿಸಬೇಡಿ.

ಪ್ರಶ್ನೆ: ಬೀಟ್‌ರೂಟ್ ರಸ ಡೋಪಿಂಗಾ?

ಉತ್ತರ: ಅಲ್ಲ. ಕುಡಿಯಿರಿ. ಮೂತ್ರ ಕೆಂಪಗಾದರೆ ಗಾಬರಿಯಾಗಬೇಡಿ.