1,72,000 ಕಿ.ಮೀ. ಓಡಿರುವ ಆಕ್ಟೇವಿಯಾ ಆರ್‌ಎಸ್‌ಗೆ ಎಷ್ಟು ಕೊಡಬಹುದು?

ಹಾಸನದಲ್ಲಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೋಡಿದ್ದೀರಿ. ಮಾಲೀಕರು 4.75 ಲಕ್ಷ ಹೇಳುತ್ತಿದ್ದಾರೆ. ಪ್ರತಿ ಹತ್ತು ಸಾವಿರ ಕಿಲೋಮೀಟರಿಗೆ ಎಷ್ಟು ಕಳೆಯಬೇಕು ಎಂದು ಕೇಳಿದ್ದೀರಿ. 2014ರ ಜನವರಿಯಲ್ಲಿ, ಚಿಕ್ಕಮಗಳೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಇದೇ ಮಾದರಿಯ ಕಾರಿಗೆ ನಾನೂ ಇದೇ ಕಳೆಯುವ ಲೆಕ್ಕ ಹಾಕಿದ್ದೆ. ಆ ಲೆಕ್ಕಕ್ಕಾಗಿ ನಾನು ತೆತ್ತದ್ದು 1,63,000 ರೂಪಾಯಿ.

ನಾನು ರ‍್ಯಾಲಿ ನೋಡುತ್ತ ಬೆಳೆದವನು. ತೋಟದ ಮಣ್ಣು ರಸ್ತೆಯ ತಿರುವಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತು, ಕಾರು ಕಾಣಿಸುವ ಮೊದಲೇ ಅದರ ಸದ್ದು ಕೇಳಿ ಎದೆ ಹಾರಿದ ನೆನಪು ಈ ಜಿಲ್ಲೆಯ ಹಲವರಿಗಿದೆ. 2013ರಲ್ಲಿ ಗೌರವ್ ಗಿಲ್ ಸ್ಕೋಡಾ ಫೇಬಿಯಾ ಓಡಿಸಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದರು. ಅದಾದ ಮೇಲೆ ನನಗೆ ಸ್ಕೋಡಾ ಬಿಟ್ಟು ಬೇರೇನೂ ಬೇಡವಾಗಿತ್ತು. ನನ್ನ ಕೈಗೆ ಎಟುಕುತ್ತಿದ್ದದ್ದು ಆಕ್ಟೇವಿಯಾ ಆರ್‌ಎಸ್ ಒಂದೇ. ನಾಲ್ಕು ಬಾಗಿಲಿದ್ದರೂ, ಹಿಂದೆ ಅಕ್ಕಿ ಮೂಟೆ ಹಿಡಿಸುವಷ್ಟು ಡಿಕ್ಕಿ ಇದ್ದರೂ, ನನ್ನ ಮಟ್ಟಿಗೆ ಅದು ಅಪ್ಪಟ ಸ್ಪೋರ್ಟ್ಸ್ ಕಾರು. 1.8 ಲೀಟರ್ ಟರ್ಬೊ ಎಂಜಿನ್, ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವ್. ಯುರೋಪಿನಲ್ಲಿ ಅದಕ್ಕೆ 180 ಅಶ್ವಶಕ್ತಿ, ನಮ್ಮಲ್ಲಿ ಮಾರಿದ್ದಕ್ಕೆ 150. ನಮ್ಮ ಏರುಗಳಿಗೆ ಅಷ್ಟು ಧಾರಾಳವಾಗಿ ಸಾಕು.

ಆಗ ನನಗೆ ಎರಡು ಕಾರು ಸಿಕ್ಕಿದ್ದವು. ಒಂದು ಹಾಸನದಲ್ಲಿ, ನಿವೃತ್ತ ಎಂಜಿನಿಯರೊಬ್ಬರ ಮನೆಯಲ್ಲಿ. 1,46,000 ಕಿ.ಮೀ. ಓಡಿತ್ತು, 3.9 ಲಕ್ಷ ಹೇಳಿದ್ದರು. ಸ್ಟೀರಿಂಗಿನ ಚರ್ಮ ಸವೆದು ನುಣುಪಾಗಿತ್ತು, ಮುಂದಿನ ಬಂಪರ್ ಮೇಲೆ ಕಲ್ಲು ಸಿಡಿದ ಗುರುತುಗಳಿದ್ದವು. ನಾನು ಕಾರು ನೋಡುವ ಮೊದಲೇ ಅವರು ಒಳಗಿನಿಂದ ಒಂದು ದಪ್ಪ ಫೈಲು ತಂದು ಕೈಗಿಟ್ಟು, "ಮೊದಲು ಇದನ್ನು ಓದಿ" ಎಂದರು. ನಾನು ಹಾಳೆ ಮಗುಚಿದೆ, ಓದಲಿಲ್ಲ.

ಇನ್ನೊಂದು ಆಲ್ದೂರಿನ ಹತ್ತಿರದ ಒಂದು ತೋಟದಲ್ಲಿತ್ತು. 58,000 ಕಿ.ಮೀ., 4.6 ಲಕ್ಷ. ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಹರವಿದ್ದರು. ಕಣದ ಪಕ್ಕದ ಶೆಡ್ಡಿನಿಂದ ಟಾರ್ಪಾಲು ಸರಿಸಿ ತೋರಿಸಿದಾಗ ಕಾರು ಹೊಸದರಂತೆ ಹೊಳೆಯುತ್ತಿತ್ತು. ಯಜಮಾನರು ಬೆಂಗಳೂರಿನಲ್ಲಿದ್ದರು, ವರ್ಷಕ್ಕೆ ನಾಲ್ಕೈದು ಬಾರಿ ಬಂದಾಗ ಮಾತ್ರ ಓಡಿಸುತ್ತಿದ್ದರಂತೆ. ಉಳಿದ ದಿನ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಿದ್ದರು. ಆತ ಪ್ರಾಮಾಣಿಕ ಮನುಷ್ಯ. ಬಾನೆಟ್ ಎತ್ತಿ, "ನೀರು ಕಡಿಮೆಯಾದಾಗಲೆಲ್ಲ ನಾನೇ ಹಾಕುತ್ತೇನೆ ಸಾರ್" ಎಂದು ಹೇಳಿದರು. ಎಂಜಿನ್ ತಣ್ಣಗಿಡುವ ದ್ರವದ, ಅಂದರೆ ಕೂಲೆಂಟ್‌ನ ಡಬ್ಬಿಯೊಳಗಿನ ನೀರು ಕಂದು ಬಣ್ಣಕ್ಕಿತ್ತು. ನಾನು ಅದನ್ನು ಕಣ್ಣಾರೆ ಕಂಡೆ. ಹತ್ತು ನಿಮಿಷದ ನಂತರ ಮುಂಗಡ ಕೊಟ್ಟೆ.

ನನ್ನ ತಪ್ಪು ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಬೇರೂ ಅಲ್ಲೇ ಇದೆ. ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ, ರಬ್ಬರಿನದು. ಪಿಸ್ಟನ್‌ಗಳಿಗೆ ಜೋಡಿಸಿದ ಕೆಳಗಿನ ಕ್ರ್ಯಾಂಕ್ ತಿರುಗುವುದಕ್ಕೂ ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್ ತಿರುಗುವುದಕ್ಕೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಆ ಬೆಲ್ಟು. ತಾಳ ತಪ್ಪಿದರೆ, ತೆರೆದಿರುವ ವಾಲ್ವ್‌ಗಳಿಗೆ ಮೇಲೆ ಬರುವ ಪಿಸ್ಟನ್ ಬಡಿಯುತ್ತದೆ. 90,000 ಕಿಲೋಮೀಟರಿಗೆ ಬೆಲ್ಟ್ ಬದಲಿಸಬೇಕು ಎಂದು ನಾನು ಓದಿಕೊಂಡಿದ್ದೆ. ಹಾಗಾಗಿ 90,000ದಿಂದ 58,000 ಕಳೆದೆ, 32,000 ಉಳಿಯಿತು. ಇನ್ನು ಮೂರು ವರ್ಷ ಯೋಚನೆಯಿಲ್ಲ ಎಂದುಕೊಂಡೆ. ಹಾಸನದ ಕಾರು 90,000 ದಾಟಿ ಎಲ್ಲೋ ಹೋಗಿದೆ, ಆದ್ದರಿಂದ ಅದು ಅಪಾಯ ಎಂದುಕೊಂಡೆ. ಅವರ ಫೈಲಿನಲ್ಲಿ 88,000 ಕಿಲೋಮೀಟರಿಗೇ ಬೆಲ್ಟು ಬದಲಿಸಿದ ಬಿಲ್ಲು ಇತ್ತು, 1,41,000ಕ್ಕೆ ಎರಡನೇ ಸಲ ಬದಲಿಸಿದ ಬಿಲ್ಲೂ ಇತ್ತು. ಎರಡೂ ನನ್ನ ಬೆರಳಿನ ಕೆಳಗೇ ಹಾದುಹೋಗಿದ್ದವು.

ಆ ವ್ಯವಕಲನದಲ್ಲಿ ನಾನು ಬಿಟ್ಟದ್ದು ಎರಡು ಸಂಗತಿ. ಮೊದಲನೆಯದು ವಯಸ್ಸು. ತೋಟದ ಕಾರಿನ ಬೆಲ್ಟು 2005ರದ್ದು. ಆ ಹೊತ್ತಿಗೆ ಒಂಬತ್ತು ಮಲೆನಾಡಿನ ಮಳೆಗಾಲ ಕಳೆದಿತ್ತು. ರಬ್ಬರ್ ನಿಂತಲ್ಲೇ ಗಡುಸಾಗುತ್ತದೆ, ಹಲ್ಲುಗಳ ಬುಡದಲ್ಲಿ ಬಿರುಕು ಬಿಡುತ್ತದೆ. ನನ್ನ ಮೆಕ್ಯಾನಿಕ್ ಪಾಲಿಸುವ ಲೆಕ್ಕ ಐದು ವರ್ಷ ಅಥವಾ 90,000 ಕಿ.ಮೀ., ಯಾವುದು ಮೊದಲೋ ಅದು. ಎರಡನೆಯದು ಎಂಜಿನ್ ಒಳಗೆ ಕೂಲೆಂಟ್ ಹರಿಸುವ ವಾಟರ್ ಪಂಪ್. ಈ ಎಂಜಿನ್‌ನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಟೈಮಿಂಗ್ ಬೆಲ್ಟು. ಕೂಲೆಂಟ್ ಬದಲು ಬರೀ ಬೋರ್‌ವೆಲ್ ನೀರು ಹಾಕುತ್ತ ಬಂದರೆ ಒಳಗೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಣ ಪಂಪಿನ ಸೀಲನ್ನು ಕೊರೆಯುತ್ತದೆ, ಸೀಲು ಸೋರಿ ನೀರು ಬೇರಿಂಗಿಗೆ ಇಳಿಯುತ್ತದೆ, ಬೇರಿಂಗ್ ಬಿಗಿಯುತ್ತದೆ. ಬಿಗಿದ ಪಂಪಿನ ಮೇಲೆ ಬೆಲ್ಟು ಎಳೆದಾಡಿ ಹಲ್ಲು ಕಿತ್ತುಕೊಳ್ಳುತ್ತದೆ. ರೈಟರ್ ಹೇಳಿದ ಒಂದು ವಾಕ್ಯದಲ್ಲಿ, ಆ ಕಂದು ನೀರಿನಲ್ಲಿ ಈ ಸರಪಳಿಯ ಮೊದಲ ಕೊಂಡಿ ಇತ್ತು. "ನೀರು ಏಕೆ ಕಡಿಮೆಯಾಗುತ್ತದೆ?" ಎಂದು ನಾನು ಕೇಳಬೇಕಿತ್ತು. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಪದೇ ಪದೇ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಅಂದರೆ ಕಡಿಮೆ ಓಡಿದ್ದು ಆ ಕಾರಿಗೆ ಹಾನಿಯನ್ನೇ ಮಾಡಿತ್ತು. ಆ ಹಾನಿಗಾಗಿ ನಾನು ಎಪ್ಪತ್ತು ಸಾವಿರ ಹೆಚ್ಚು ಕೊಟ್ಟೆ.

ಹನ್ನೊಂದು ವಾರ ಓಡಿಸಿದೆ, 2,300 ಕಿ.ಮೀ. ಏಪ್ರಿಲ್ ಮೊದಲ ವಾರ, ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು. ಮೂಡಿಗೆರೆಯಿಂದ ಮನೆಗೆ ಬರುತ್ತಿದ್ದೆ, ಪಕ್ಕದಲ್ಲಿ ಹೆಂಡತಿ, ಕಿಟಕಿ ಇಳಿಸಿ ಕಾಫಿ ಹೂವಿನ ವಾಸನೆ ಒಳಗೆ ಬಿಟ್ಟುಕೊಂಡಿದ್ದೆವು. ಮೂರನೇ ಗೇರಿನಲ್ಲಿ ಒಂದು ಏರು. ಹೂವಿನ ವಾಸನೆಯ ನಡುವೆ ಸುಟ್ಟ ರಬ್ಬರಿನ ವಾಸನೆ ಬಂತು, ಮುಂದೆಲ್ಲೋ ಲಾರಿಯದಿರಬೇಕು ಎಂದುಕೊಂಡೆ. ಒಂದು ಟಪ್ ಎಂಬ ಸದ್ದು, ಎಂಜಿನ್ ನಿಂತಿತು, ಸ್ಟೀರಿಂಗ್ ಕಲ್ಲಾಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಕೀ ತಿರುಗಿಸಿದರೆ ಸ್ಟಾರ್ಟರ್ ಹಗುರವಾಗಿ, ಕಾಳು ಹಾಕದ ಮಿಕ್ಸಿಯಂತೆ ಗಿರ್ರೆಂದು ತಿರುಗಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿ ಆ ಸದ್ದು ಕೇಳಿಸಿದೆ. ಅವರು ಅರ್ಧಕ್ಕೇ ತಡೆದು, "ಸಾರ್, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇನ್ನೊಮ್ಮೆ ತಿರುಗಿಸಬೇಡಿ" ಎಂದರು. ಎಂಜಿನ್‌ನಲ್ಲಿ ಒತ್ತಡವೇ ಉಳಿದಿಲ್ಲದಾಗ ಸ್ಟಾರ್ಟರ್ ಹಾಗೆ ತಿರುಗುತ್ತದೆ ಎಂದು ಆಮೇಲೆ ತಿಳಿಯಿತು.

ಇಪ್ಪತ್ತರಲ್ಲಿ ಹದಿನಾಲ್ಕು ವಾಲ್ವ್ ಬಾಗಿದ್ದವು. ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಿ ಬೆಂಗಳೂರಿಗೆ ಕಳುಹಿಸಿದೆವು, ಬಿಡಿಭಾಗಕ್ಕಾಗಿ ಮೂರು ಬಾರಿ ಜೆ.ಸಿ. ರಸ್ತೆ ಅಲೆದೆ. ಏಳು ವಾರ ಕಾರು ಗ್ಯಾರೇಜಿನಲ್ಲಿ ಕಲ್ಲಿನ ಮೇಲೆ ನಿಂತಿತ್ತು. ಮಗಳ ಶಾಲೆಯ ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣಕ್ಕೆ ಕೈ ಹಾಕಬೇಕಾಯಿತು, ಅದು ಈಗಲೂ ನೋಯುತ್ತದೆ. ಆ ದಿನಗಳಲ್ಲಿ ನಾಚಿಕೆ ಬಿಟ್ಟು ಹಾಸನದ ಹಿರಿಯರಿಗೆ ಫೋನ್ ಮಾಡಿದೆ. ಅವರ ಕಾರು ನಾನು ಬೇಡವೆಂದ ಮರುವಾರವೇ ಮಾರಾಟವಾಗಿತ್ತು. ಒಂದು ಮಾತೂ ಆಡದೆ, ತಮ್ಮ ಫೈಲಿನ ನಕಲು ಪ್ರತಿಯಿಂದ ಬಿಡಿಭಾಗಗಳ ನಂಬರುಗಳನ್ನು ಕೈಯಿಂದ ಬರೆದು ಕೊರಿಯರ್ ಮಾಡಿದರು. ಆ ಹಾಳೆ ನನ್ನ ಕಾರಿನ ಗ್ಲವ್ ಬಾಕ್ಸಿನಲ್ಲಿದೆ.

ಈಗ ನಿಮ್ಮ ವಿಷಯ. ಹತ್ತು ಸಾವಿರ ಕಿಲೋಮೀಟರಿಗೆ ಇಷ್ಟು ಎಂದು ಕಳೆಯುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷದ ಕಾರಿನಲ್ಲಿ ಆ ಅಂಕಿ ನಿಮಗೆ ಹೇಳುವುದು ತೀರ ಕಡಿಮೆ. 6 ಲಕ್ಷಕ್ಕೆ 70,000 ಕಿ.ಮೀ. ಓಡಿದ ಇನ್ನೊಂದು ಇದೆ ಎಂದು ಬರೆದಿದ್ದೀರಿ. ಬಿಲ್ಲು ಇಲ್ಲದಿದ್ದರೆ ಅದರ ಹತ್ತಿರವೂ ಹೋಗಬೇಡಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ, "1,50,000 ಕಿಲೋಮೀಟರಿಗೆ ಬೆಲ್ಟ್ ಮಾಡಿಸಿದ್ದೇನೆ, ಬಿಲ್ ಇದೆ ಎನ್ನುತ್ತಾರೆ" ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಬೆಲೆ ಇರುವುದು ಆ ಸಾಲಿನಲ್ಲಿ. ಬಿಲ್ಲಿನ ತಾರೀಕು ನೋಡಿ, ಐದು ವರ್ಷದೊಳಗಿನದೇ? ಬೆಲ್ಟು ಒಂದೇ ಹಾಕಿದ್ದಾರೋ, ಅದನ್ನು ಬಿಗಿಯಾಗಿಡುವ ಟೆನ್ಷನರ್, ರೋಲರ್, ಜೊತೆಗೆ ವಾಟರ್ ಪಂಪ್ ಸೇರಿಸಿ ಹಾಕಿದ್ದಾರೋ? ಬೆಲ್ಟ್ ಬಿಚ್ಚುವ ಕೂಲಿಯೇ ದೊಡ್ಡದು, ಹಾಗಾಗಿ ಪಂಪ್ ಬಿಟ್ಟು ಬೆಲ್ಟ್ ಮಾತ್ರ ಹಾಕಿದವರು ಕೆಲಸ ಮುಗಿಸಿಲ್ಲ ಎಂದೇ ತಿಳಿಯಿರಿ. ಪಂಪಿನ ಒಳಗಿನ ರೆಕ್ಕೆ ಪ್ಲಾಸ್ಟಿಕ್ಕಿನದೋ ಲೋಹದ್ದೋ ಎಂದೂ ಕೇಳಿ. ಬೆಲ್ಟಿನ ಮೇಲ್ಭಾಗದ ಕವರ್ ಕ್ಲಿಪ್ ಬಿಚ್ಚಿದರೆ ತೆರೆದುಕೊಳ್ಳುತ್ತದೆ, ಟಾರ್ಚ್ ಬಿಟ್ಟು ಕಣ್ಣಾರೆ ನೋಡಿ. ಹಳೆಯ ಕಾರು ಮಾರುವ ಅಂಗಡಿಗಳು ನೂರಾರು ಅಂಶ ಪರೀಕ್ಷಿಸಿದ್ದೇವೆ ಎಂದು ಪಟ್ಟಿ ಕೊಡುತ್ತವೆ. ನಾನು ನೋಡಿದ ಯಾವ ಪಟ್ಟಿಯಲ್ಲೂ ಆ ಕವರ್ ತೆರೆದ ಉಲ್ಲೇಖವಿರಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿ, ಬೆಳಿಗ್ಗೆಯೇ ಹೋಗಿ, ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿ. ಕೂಲೆಂಟ್‌ಗೆ ಬಣ್ಣವಿರಬೇಕು, ತುಕ್ಕಿರಬಾರದು. ಇಳಿಜಾರಿನಲ್ಲಿ ಗೇರಿನಲ್ಲೇ ಉದ್ದಕ್ಕೆ ಇಳಿಸಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಎದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ. ಈ ಟರ್ಬೊ ಎಂಜಿನ್‌ಗೆ ಒಳ್ಳೆಯ ಸಿಂಥೆಟಿಕ್ ಎಣ್ಣೆಯೇ ಬೇಕು, ಅಗ್ಗದ ಎಣ್ಣೆ ಹಾಕಿ ತಡವಾಗಿ ಬದಲಿಸಿದವರ ಕಾರಿನಲ್ಲಿ ಅದು ಗಟ್ಟಿಯಾಗಿ ಕೆಸರಾಗಿ ಕೆಳಗಿನ ಜಾಲರಿ ಕಟ್ಟಿಕೊಂಡಿರುತ್ತದೆ. ಆದ್ದರಿಂದ ಎಣ್ಣೆ ಬದಲಿಸಿದ ಬಿಲ್ಲುಗಳ ನಡುವಿನ ಅಂತರ ನೋಡಿ. ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, 2005ರಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೆಟ್ರೋಲ್ ಹೋಸುಗಳನ್ನು ಬದಲಿಸುವ ಖರ್ಚನ್ನು ಮೊದಲ ತಿಂಗಳಿಗೇ ಸೇರಿಸಿಕೊಳ್ಳಿ.

ಆರ್‌ಸಿ ಮರೆಯಬೇಡಿ. 2005ರ ಕಾರಿನ ನೋಂದಣಿ ಮೊದಲ ಹದಿನೈದು ವರ್ಷಕ್ಕೆ ಮುಗಿದು, ಐದು ವರ್ಷಕ್ಕೆ ನವೀಕರಣವಾಗಿರಬೇಕು, ಈಗ ಎರಡನೇ ನವೀಕರಣದ ಹೊತ್ತು. ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿತ್ತು, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಿದ್ದಾರೆ. ಹಸಿರು ತೆರಿಗೆ ಬೇರೆ. ನವೀಕರಣವನ್ನು ಮಾಲೀಕರೇ ಮಾಡಿಸಿ, ಆ ಮೇಲೆ ನಿಮ್ಮ ಹೆಸರಿಗೆ ವರ್ಗಾಯಿಸಲಿ. ಇದರಲ್ಲಿ ರಾಜಿ ಬೇಡ.

ನಾನು ನಿಮ್ಮ ಜಾಗದಲ್ಲಿದ್ದರೆ ಕಾಗದದ ಮೇಲೆ ಮೊದಲು ಬರೆಯುವುದು 4.75 ಅಲ್ಲ. ಆ ಕಾರಿಗೆ ಮುಂದಿನ ಹನ್ನೆರಡು ತಿಂಗಳಲ್ಲಿ ಯಾವ ಯಾವ ಕೆಲಸ ಬೀಳುತ್ತದೆ ಎಂದು ಬರೆದು, ಬಿಲ್ಲು ಇಲ್ಲದ ಪ್ರತಿ ಕೆಲಸವನ್ನೂ ಆಗಿಲ್ಲವೆಂದೇ ಹಿಡಿಯುತ್ತೇನೆ. 2024ರಲ್ಲಿ ಬೆಲ್ಟ್, ಟೆನ್ಷನರ್, ಪಂಪ್ ಸೇರಿ ನನಗೆ 34,000 ಆಯಿತು. ಕ್ಲಚ್ 41,000. ಮುಂದಿನ ಸಸ್ಪೆನ್ಷನ್ ಬುಷ್‌ಗಳು, ನಾಲ್ಕು ಇಗ್ನಿಷನ್ ಕಾಯಿಲ್, ನಾಲ್ಕು ಟೈರ್ ಎಲ್ಲಕ್ಕೂ ನಿಮ್ಮ ಮೆಕ್ಯಾನಿಕ್‌ನಿಂದ ದರ ಬರೆಸಿಕೊಳ್ಳಿ. ಆ ಒಟ್ಟು ಮೊತ್ತವನ್ನು ಕಳೆಯಿರಿ, ಒಂದು ರೂಪಾಯಿಯನ್ನೂ ಕಿಲೋಮೀಟರಿನ ಹೆಸರಿನಲ್ಲಿ ಕಳೆಯಬೇಡಿ. ನೀವು ನೋಡಿದ ಹಾಸನದ ಕಾರಿನ ಬಿಲ್ಲುಗಳು ನಿಜವಾಗಿ ಪೂರ್ತಿ ಇದ್ದರೆ ನಾನು 4.5 ಲಕ್ಷ ಮನಸ್ಸು ಬಿಚ್ಚಿ ಕೊಡುತ್ತೇನೆ, ಚೌಕಾಸಿಯನ್ನೂ ಹೆಚ್ಚು ಮಾಡುವುದಿಲ್ಲ. ಫೈಲನ್ನು ಜೋಪಾನ ಮಾಡಿದವರಿಗೆ ಅದರ ಬೆಲೆ ಸಿಗಬೇಕು. ಬೆಲ್ಟಿನ ಬಿಲ್ಲು ಸಿಗದಿದ್ದರೆ 3.6ರ ಮೇಲೆ ಹೋಗುವುದಿಲ್ಲ. ಎರಡೂ ಸಂದರ್ಭದಲ್ಲಿ ಒಂದೂವರೆ ಲಕ್ಷ ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿರಬೇಕು. ಅಷ್ಟಿಲ್ಲದಿದ್ದರೆ, ಸಾಲ ಮಾಡಿ ಈ ಕಾರು ತೆಗೆದುಕೊಳ್ಳಬೇಡಿ, ಇನ್ನೊಂದು ವರ್ಷ ಕಾಯಿರಿ.

ಬಿಲ್ಲು ಸಿಗದೆಯೂ ನೀವು ಕೊಂಡೇ ಕೊಳ್ಳುತ್ತೀರಿ ಎಂದಾದರೆ, ಮನೆಗೆ ಓಡಿಸಿಕೊಂಡು ಹೋಗಬೇಡಿ. ಹಾಸನದಿಂದ ಬೇಲೂರು ದಾಟಿ ಚಿಕ್ಕಮಗಳೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್, ಟೋಯಿಂಗ್ ಗಾಡಿಯ ಮೇಲೆ ಹೇರಿಸಿ ನೇರವಾಗಿ ಮೆಕ್ಯಾನಿಕ್ ಹತ್ತಿರ ಇಳಿಸಿ. ಬೆಲ್ಟ್, ಪಂಪ್ ಬದಲಿಸಿದ ಮೇಲೆ ಕೀ ಕೈಗೆ ತೆಗೆದುಕೊಳ್ಳಿ. ನನ್ನ ಕಾರು ಈಗ 1,31,000 ಓಡಿದೆ. 2014, 2019, 2024ರಲ್ಲಿ ಮೂರು ಬಾರಿ ಬೆಲ್ಟ್ ಕಂಡಿದೆ, ಚಿಕ್ಕಮಗಳೂರಿನ ಹತ್ತಿರದ ಕೈಮರದ ಏರಿನಲ್ಲಿ ಮೂರನೇ ಗೇರಿನಲ್ಲಿ ಟರ್ಬೊ ಎಳೆಯತೊಡಗಿದಾಗ ಇಂದಿಗೂ ನನಗೆ ಸಂತೋಷದಿಂದ ಮೈ ಝುಮ್ಮೆನ್ನುತ್ತದೆ. ನೀವು ಆ ಕಾರು ನೋಡಲು ಹೋಗುವ ದಿನ ಫೈಲಿನ ಪ್ರತಿ ಪುಟದ ಫೋಟೊ ತೆಗೆದು ಇಲ್ಲಿ ಹಾಕಿ, ಯಾವ ಕೆಲಸ ಬಾಕಿ ಇದೆ ಎಂದು ಕೂತು ಓದಿ ಹೇಳುತ್ತೇನೆ.