ಎಲೆಯಡಿಯ ಕಂದು ಗೆರೆಗಳು ರೋಗವಲ್ಲ

ಪ್ರಶ್ನೆ: ಜಗಲಿಯ ಕುಂಡದಲ್ಲಿ ಬರ್ಡ್ಸ್ ನೆಸ್ಟ್ ಫರ್ನ್ ಬೆಳೆಸಿದ್ದೇನೆ. ದೊಡ್ಡ ಎಲೆಗಳ ಅಡಿಯಲ್ಲಿ ಕಂದು ಗೆರೆಗಳು ಸಾಲಾಗಿ ಮೂಡಿವೆ. ನಡುವಿನ ಎಳೆಯ ಎಲೆಗಳು ಕೊಳೆಯುತ್ತಿವೆ. ಔಷಧ ಸಿಂಪಡಿಸಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಗೆರೆಗಳಿಗೆ ಯಾವ ಔಷಧವೂ ಬೇಡ. ಫರ್ನ್ ಎಂದರೆ ಜರಿಗಿಡ; ಜರಿಗಿಡಗಳಲ್ಲಿ ಹೂವಾಗಲಿ ಬೀಜವಾಗಲಿ ಇರುವುದಿಲ್ಲ. ನಡುನರದಿಂದ ಅಂಚಿನ ಕಡೆಗೆ ಓರೆಯಾಗಿ ಸಾಗುವ ಆ ಗೆರೆಗಳಲ್ಲೇ ಸಂತಾನ ಮುಂದುವರಿಸುವ ಬೀಜಕಗಳು ತುಂಬಿರುತ್ತವೆ. ಅವು ನಿಮ್ಮ ಗಿಡ ಪ್ರಾಯಕ್ಕೆ ಬಂದಿರುವ ಗುರುತು. ಕೀಟವೆಂದು ತಿಳಿದು ಅವನ್ನು ಕೆರೆದು ತೆಗೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೊಳೆತದ ವಿಚಾರ ಮಾತ್ರ ಗಂಭೀರ; ಅದರ ಕಾರಣ ಈ ಗಿಡದ ಗೂಡಿನಂಥ ಆಕಾರದಲ್ಲಿದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಸಸ್ಯಕ್ಕೆ ಆಸ್ಪ್ಲೀನಿಯಮ್ ನೈಡಸ್ ಎಂದು ಹೆಸರಿಟ್ಟನು. ನೈಡಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗೂಡು. ಉಷ್ಣವಲಯದ ಕಾಡುಗಳಲ್ಲಿ ಮರದ ಕೊಂಬೆಯ ಮೇಲೆ ನೆಲೆಸುವ ಇದು, ಮೀಟರಿಗೂ ಮೀರಿ ಬೆಳೆಯಬಲ್ಲ ಎಲೆಗಳನ್ನು ಬಟ್ಟಲಿನಂತೆ ಹರಡಿ, ಉದುರುವ ತರಗೆಲೆಗಳನ್ನು ಅದರಲ್ಲಿ ಹಿಡಿದು, ಕೊಳೆಸಿ, ಅದನ್ನೇ ಗೊಬ್ಬರವಾಗಿಸಿಕೊಳ್ಳುತ್ತದೆ. ಅಲ್ಲಿ ಗಾಳಿಯಾಡುವುದರಿಂದ ನೀರು ಬೇಗ ಆರುತ್ತದೆ, ಜಗಲಿಯ ಕುಂಡದಲ್ಲಿ ಹಾಗಾಗುವುದಿಲ್ಲ. ಆದುದರಿಂದ ಬಟ್ಟಲಿನೊಳಕ್ಕೆ ನೀರು ಹೊಯ್ಯದೆ, ಕುಂಡದ ಅಂಚಿನಲ್ಲಿ ಮಾತ್ರ ಹಾಕಿರಿ. ಕೊಳೆತ ಎಲೆಗಳನ್ನು ಶುದ್ಧ ಕತ್ತರಿಯಿಂದ ತೆಗೆದು, ಜಿಗುಟು ಮಣ್ಣಿದ್ದರೆ ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಎಲೆಗೊಬ್ಬರದ ಸಡಿಲ ಮಿಶ್ರಣಕ್ಕೆ ಬದಲಾಯಿಸಿರಿ. ನೇರ ಬಿಸಿಲು ಬೇಡ, ಬೆಳಕು ಬೇಕು. ಈ ಗಿಡಕ್ಕೆ ಬೆಳೆಯುವ ಕುಡಿ ನಡುವಿನ ಒಂದೇ ಆಗಿರುವುದರಿಂದ, ಅದು ಗಟ್ಟಿಯಾಗಿ ಹಸಿರಾಗಿದೆಯೇ ಎಂದು ಇಂದೇ ಮುಟ್ಟಿ ನೋಡಿರಿ.